ಕೆನಡಾಕ್ಕೆ ಬಂದ ಮೊದಲ ಎರಡು ವರ್ಷ: ತಿಂಗಳಿಗೆ 1,500 ಡಾಲರ್ ಉಳಿದರೆ ಮೊದಲು ಯಾವ ಖಾತೆಗೆ?

ಕ್ರೆಡಿಟ್_ದಂಡೆ:
ಈ ಪ್ರಶ್ನೆ ಇಲ್ಲಿ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ, ಉತ್ತರಗಳು ಹತ್ತು ಕಡೆ ಚದುರಿವೆ. ಒಂದೇ ಎಳೆಯಲ್ಲಿ ಇರಲಿ ಅಂತ ಶುರು ಮಾಡಿದ್ದೇನೆ.

ಲೆಕ್ಕಕ್ಕೆ ಒಂದು ಮಾದರಿ ಸಂಸಾರ ಇಟ್ಟುಕೊಳ್ಳೋಣ. ಗಂಡ, ಹೆಂಡತಿ, ನಾಲ್ಕು ವರ್ಷದ ಮಗು. 2025ರ ಆಗಸ್ಟ್ 1ಕ್ಕೆ ಪಿಆರ್ (ಕಾಯಂ ನಿವಾಸಿ) ಆಗಿ ಒಂಟಾರಿಯೊಗೆ ಬಂದಿಳಿದವರು. ಸದ್ಯ ಒಬ್ಬರಿಗಷ್ಟೇ ಕೆಲಸ, ವರ್ಷಕ್ಕೆ 90,000 ಡಾಲರ್. ಬರುವ ಮುಂಚೆ ಭಾರತದಲ್ಲಿ ಮನೆಯ ಒಟ್ಟು ಸಂಬಳ ವರ್ಷಕ್ಕೆ 18 ಲಕ್ಷ ರೂಪಾಯಿ. ಮೈಸೂರಿನಲ್ಲಿ 70 ಲಕ್ಷ ಬೆಲೆಯ ಫ್ಲ್ಯಾಟ್, ಈಗ ಬಾಡಿಗೆಗೆ ಕೊಟ್ಟಿದೆ. ಬ್ಯಾಂಕಿನಲ್ಲಿ ಒಂದಿಷ್ಟು ಎಫ್‌ಡಿ. ಮುಂದೆ ಇಲ್ಲೊಂದು ಮನೆ ಕೊಳ್ಳುವ ಆಸೆ.

ಸಾಮಾನ್ಯವಾಗಿ ಸಿಗುವ ಸಲಹೆ: ಎಫ್‌ಎಚ್‌ಎಸ್‌ಎ (ಮೊದಲ ಮನೆಯ ಉಳಿತಾಯ ಖಾತೆ) ತುಂಬಿಸಿ, ಆಮೇಲೆ ಟಿಎಫ್‌ಎಸ್‌ಎ (ತೆರಿಗೆಮುಕ್ತ ಉಳಿತಾಯ ಖಾತೆ), ಆಮೇಲೆ ಆರ್‌ಆರ್‌ಎಸ್‌ಪಿ (ನಿವೃತ್ತಿ ಉಳಿತಾಯ ಖಾತೆ). ಇಲ್ಲೇ ಹುಟ್ಟಿ ಬೆಳೆದವರಿಗೆ ಇದು ಸರಿ. ಊರಲ್ಲಿ ಒಂದು ಕಾಲು ಇಟ್ಟುಕೊಂಡವರಿಗೂ ಇದೇ ಸರಿಯೇ? ತಿಳಿದವರು ಅಂಕಿಯ ಸಮೇತ ಬರೆಯಿರಿ.

ಬೋ_ನದಿ:
ಎಫ್‌ಎಚ್‌ಎಸ್‌ಎ ಮೊದಲು, ಅನುಮಾನವೇ ಬೇಡ. ಹಾಕುವ ಮಿತಿ ವರ್ಷಕ್ಕೆ 8,000, ಒಟ್ಟು 40,000. ಹಾಕಿದಷ್ಟು ತೆರಿಗೆ ಲೆಕ್ಕದ ಆದಾಯದಿಂದ ಕಳೆಯುತ್ತದೆ, ಮನೆಗೆ ತೆಗೆಯುವಾಗ ತೆರಿಗೆ ಇಲ್ಲ. ಸಂಪಾದನೆ ಇಲ್ಲದವರಿಗೂ ಮಿತಿ ಅಷ್ಟೇ ಸಿಗುತ್ತದೆ, ಹಾಗಾಗಿ ಇಬ್ಬರೂ ತೆರೆಯಬಹುದು. ಮುಖ್ಯ ವಿಷಯ: ಮಿತಿ ಶುರುವಾಗುವುದು ಖಾತೆ ತೆರೆದ ವರ್ಷದಿಂದ. ದುಡ್ಡಿಲ್ಲದಿದ್ದರೂ ಡಿಸೆಂಬರ್ 31ರೊಳಗೆ ತೆರೆದು ಬಿಟ್ಟರೆ ಆ ವರ್ಷದ 8,000 ಮುಂದಿನ ವರ್ಷಕ್ಕೆ ಬರುತ್ತದೆ. ತೆರೆದ ವರ್ಷ ಒಂದು ಡಾಲರೂ ಹಾಕದಿದ್ದರೂ ರಿಟರ್ನ್ ಜೊತೆ ಶೆಡ್ಯೂಲ್ 15 ಸಲ್ಲಿಸಲೇಬೇಕು. ಬಹಳ ಜನ ಇದನ್ನು ಬಿಡುತ್ತಾರೆ.

ಲೆಕ್ಕದ_ಪುಸ್ತಕ:
ಬೋ_ನದಿ ಅವರೇ, ಸ್ವಲ್ಪ ತಡೆಯಿರಿ. ಮೊದಲು ಒಂದು ಪ್ರಶ್ನೆ ಕೇಳಬೇಕು: ಬರುವ ಮುಂಚೆ ಈ ದಂಪತಿ ಆ ಮೈಸೂರಿನ ಫ್ಲ್ಯಾಟ್‌ನಲ್ಲೇ ವಾಸ ಇದ್ದರಾ?

ಕ್ರೆಡಿಟ್_ದಂಡೆ:
ಹೌದು ಅಂತಿಟ್ಟುಕೊಳ್ಳಿ. ಜುಲೈ ತನಕ ಅಲ್ಲೇ ಇದ್ದು, ಹೊರಟ ಮೇಲೆ ಬಾಡಿಗೆಗೆ ಕೊಟ್ಟದ್ದು. ಇಬ್ಬರ ಹೆಸರಲ್ಲೂ ಇದೆ.

ಲೆಕ್ಕದ_ಪುಸ್ತಕ:
ಹಾಗಾದರೆ ಅವರಿಗೆ ಎಫ್‌ಎಚ್‌ಎಸ್‌ಎ ತೆರೆಯುವ ಅರ್ಹತೆಯೇ ಇಲ್ಲ.

ನಿಯಮ ಹೀಗಿದೆ: ಖಾತೆ ತೆರೆಯುವ ವರ್ಷ ಮತ್ತು ಅದರ ಹಿಂದಿನ ನಾಲ್ಕು ಕ್ಯಾಲೆಂಡರ್ ವರ್ಷಗಳಲ್ಲಿ, ನೀವು ಅಥವಾ ಖಾತೆ ತೆರೆಯುವ ಹೊತ್ತಿಗೆ ನಿಮ್ಮ ಸಂಗಾತಿ ಆಗಿರುವವರು ಒಡೆಯರಾಗಿದ್ದ ಮನೆಯಲ್ಲಿ ನೀವು ಮುಖ್ಯವಾಗಿ ವಾಸ ಇದ್ದಿರಬಾರದು. ಕೆನಡಾದ ಮನೆ ಮಾತ್ರ ಲೆಕ್ಕ ಅಂತ ಬಹಳ ಜನ ಓದಿಕೊಳ್ಳುತ್ತಾರೆ. ಇಲ್ಲ. ಕೆನಡಾದಲ್ಲಿ ಇದ್ದಿದ್ದರೆ ಅರ್ಹ ಮನೆ ಅನ್ನಿಸಿಕೊಳ್ಳುತ್ತಿದ್ದ ಹೊರದೇಶದ ಮನೆಯೂ ಸೇರುತ್ತದೆ ಅಂತ ನಿಯಮವೇ ಹೇಳುತ್ತದೆ. ಮೈಸೂರಿನ ಫ್ಲ್ಯಾಟ್ ಅದರೊಳಗೆ ಬಂತು.

ಇವರು ಅಲ್ಲಿ ಕೊನೆಗೆ ವಾಸ ಇದ್ದದ್ದು 2025. ಅಂದರೆ ಮಧ್ಯೆ ಇಲ್ಲಿ ಮನೆ ಕೊಳ್ಳದಿದ್ದರೆ 2030ರ ಜನವರಿಯಿಂದ ತೆರೆಯಬಹುದು. ಫ್ಲ್ಯಾಟ್ ಗಂಡನ ಹೆಸರಲ್ಲಷ್ಟೇ ಇದ್ದರೂ ಹೆಂಡತಿಗೂ ಇದೇ ತಡೆ. ಫ್ಲ್ಯಾಟ್ ಇದ್ದು ಅದರಲ್ಲಿ ಎಂದೂ ವಾಸವೇ ಮಾಡದೆ, ಬೇರೆ ಕಡೆ ಬಾಡಿಗೆಗೆ ಇದ್ದವರಿಗೆ ತಡೆ ಇಲ್ಲ. ಅಪ್ಪ ಅಮ್ಮನ ಹೆಸರಿನ ಮನೆಯಲ್ಲಿ ಇದ್ದವರಿಗೂ ಇಲ್ಲ. ನಮ್ಮವರಲ್ಲಿ ಅದೃಷ್ಟವಂತರು ಇವರೇ.

ಬ್ಯಾಂಕಿನವರು ಇದನ್ನು ಪರಿಶೀಲಿಸುವುದಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದರೆ ಐದು ನಿಮಿಷದಲ್ಲಿ ಖಾತೆ ತೆರೆದುಕೊಳ್ಳುತ್ತದೆ. ತೆರೆಯಿತು ಅಂದರೆ ಅರ್ಹತೆ ಇದೆ ಅಂತಲ್ಲ.

ಬೋ_ನದಿ:
ಒಪ್ಪಿದೆ. ಹೊರದೇಶದ ಮನೆಯ ಮಾತು ಗಮನಿಸಿರಲಿಲ್ಲ. ಮೇಲಿನ ನನ್ನ ಸಲಹೆ ಅರ್ಹತೆ ಇದ್ದವರಿಗೆ ಮಾತ್ರ ಅಂತ ಓದಿಕೊಳ್ಳಿ.

ಮೂರನೇ_ಮಹಡಿ:
ಇದಕ್ಕೆ ಜೋಡಿಸಿ ಇನ್ನೊಂದು. ಒಂಟಾರಿಯೊದಲ್ಲಿ ಮೊದಲ ಮನೆಗೆ ಲ್ಯಾಂಡ್ ಟ್ರಾನ್ಸ್‌ಫರ್ ತೆರಿಗೆಯಲ್ಲಿ (ಮನೆ ಹೆಸರಿಗೆ ಆಗುವಾಗ ಕಟ್ಟುವುದು) 4,000 ಡಾಲರ್ ತನಕ ವಾಪಸ್, ಟೊರೊಂಟೊ ನಗರದೊಳಗಾದರೆ ನಗರದ ತೆರಿಗೆಯಲ್ಲಿ ಇನ್ನೂ 4,475 ತನಕ. ಅದರ ನಿಯಮ ಇನ್ನೂ ಬಿಗಿ: ಪ್ರಪಂಚದಲ್ಲಿ ಎಲ್ಲಿಯೂ, ಎಂದೂ, ಮನೆಯ ಒಡೆತನ ಇದ್ದಿರಬಾರದು. ಅಲ್ಲಿ ವಾಸ ಇದ್ದರೋ ಇಲ್ಲವೋ ಅನ್ನುವುದು ಬೇಕಿಲ್ಲ. ನಾಲ್ಕು ವರ್ಷ ಕಳೆದರೂ ಬಿಡುಗಡೆ ಇಲ್ಲ. ಅಜ್ಜನ ಮನೆಯಲ್ಲಿ ಪಾಲು ಹೆಸರಿಗೆ ಬಂದಿದ್ದರೂ ತೊಡಕೇ. ಮನೆ ಕೊಳ್ಳುವಾಗ ವಕೀಲರಿಗೆ ಇದನ್ನು ಮೊದಲೇ ಹೇಳಿ, ಕ್ಲೋಸಿಂಗ್ (ಮನೆ ಕೈಗೆ ಬರುವ ದಿನದ) ಲೆಕ್ಕದಲ್ಲಿ ಆ ದುಡ್ಡು ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಮನೆ ಸಾಲಕ್ಕೆ ಶೇ 20ಕ್ಕಿಂತ ಕಡಿಮೆ ಕೈಯಿಂದ ಹಾಕಿದರೆ ವಿಮೆ ಕಡ್ಡಾಯ. ಪ್ರೀಮಿಯಂ ಸಾಲಕ್ಕೆ ಸೇರುತ್ತದೆ, ಆದರೆ ಒಂಟಾರಿಯೊದಲ್ಲಿ ಆ ಪ್ರೀಮಿಯಂ ಮೇಲಿನ ಶೇ 8 ಮಾರಾಟ ತೆರಿಗೆ ಸಾಲಕ್ಕೆ ಸೇರುವುದಿಲ್ಲ, ಕ್ಲೋಸಿಂಗ್ ದಿನ ನಗದು ಕಟ್ಟಬೇಕು. 6 ಲಕ್ಷ ಡಾಲರ್ ಮನೆಗೆ ಕನಿಷ್ಠ 35,000 ಕೈಯಿಂದ: ಮೊದಲ 5 ಲಕ್ಷಕ್ಕೆ ಶೇ 5, ಉಳಿದದ್ದಕ್ಕೆ ಶೇ 10. ಉಳಿದ 5,65,000 ಸಾಲಕ್ಕೆ ಶೇ 4 ಪ್ರೀಮಿಯಂ 22,600. ಅದರ ಶೇ 8 ಅಂದರೆ 1,808 ಡಾಲರ್ ಬೇರೆ ಇಟ್ಟಿರಬೇಕು.

ಹಿಮ_ಹಪ್ಪಳ:
ಖಾತೆಗಳ ಜಗಳಕ್ಕೆ ಮುಂಚೆ ಸಿಸಿಬಿ ಮುಗಿಸಿ. ಮಕ್ಕಳ ಭತ್ಯೆ. ಯಾವ ಖಾತೆಯೂ ಕೊಡದಷ್ಟು ಇದು ಕೊಡುತ್ತದೆ, ಮೊದಲ ವರ್ಷವಂತೂ.

ಪಿಆರ್ ಆದವರಿಗೆ ಬಂದಿಳಿದ ಮರು ತಿಂಗಳಿಂದಲೇ ಅರ್ಹತೆ. ವರ್ಕ್ ಪರ್ಮಿಟ್, ಸ್ಟಡಿ ಪರ್ಮಿಟ್ ಮೇಲೆ ಇರುವವರಿಗೆ 18 ತಿಂಗಳು ಸತತ ವಾಸ ಆಗಿ, 19ನೇ ತಿಂಗಳಲ್ಲಿ ಪರ್ಮಿಟ್ ಚಾಲ್ತಿಯಲ್ಲಿರಬೇಕು. ಅರ್ಜಿ ಆರ್‌ಸಿ66. ಹೊಸಬರು ಅದರ ಜೊತೆಗೆ ಶೆಡ್ಯೂಲ್ ಆರ್‌ಸಿ66ಎಸ್‌ಸಿಎಚ್ ಕೂಡ ತುಂಬಬೇಕು. ಅದರಲ್ಲಿ ಬಂದ ದಿನಾಂಕ ಮತ್ತು ಬರುವ ಮುಂಚಿನ ಆದಾಯ. ತಾಯಿ ಮಗುವಿನ ಜೊತೆ ಇದ್ದರೆ ತಾಯಿಯ ಹೆಸರಲ್ಲೇ ಹಾಕಿ, ಇಲ್ಲದಿದ್ದರೆ ವಿವರಣೆ ಪತ್ರ ಕೇಳುತ್ತಾರೆ.

ಅರ್ಜಿ ಕೆಡುವುದು ಹೆಚ್ಚಾಗಿ ಎರಡು ಕಡೆ. ಹೆಂಡತಿಗೆ ಆದಾಯ ಇರಲಿಲ್ಲ ಅಂತ ಆ ಕಾಲಂ ಖಾಲಿ ಬಿಡುವುದು ಒಂದು. ಸೊನ್ನೆ ಅಂತ ಬರೆಯಬೇಕು, ಖಾಲಿ ಬಿಟ್ಟರೆ ಕಾಗದ ವಾಪಸ್ ಬಂದು ತಿಂಗಳುಗಳು ಹೋಗುತ್ತವೆ. ಇನ್ನೊಂದು, ಸಂಗಾತಿ ಇನ್ನೂ ಊರಲ್ಲೇ ಇದ್ದರೆ ಅವರ ಆದಾಯಕ್ಕೆ ಸಿಟಿಬಿ9 ಅನ್ನುವ ಬೇರೆ ಫಾರಂ, ಅದೂ ವರ್ಷವರ್ಷ.

ಈಗ ಅಂಕಿ. 2025 ಜುಲೈನಿಂದ 2026 ಜೂನ್ ತನಕದ ಭತ್ಯೆಗೆ 2024ರ ಆದಾಯ ಲೆಕ್ಕ. ಆ ವರ್ಷ ಇವರು ಊರಲ್ಲೇ ಇದ್ದರು. 18 ಲಕ್ಷ ರೂಪಾಯಿ, ಡಾಲರಿಗೆ ಸುಮಾರು 61 ರೂಪಾಯಿಯಂತೆ 29,500 ಡಾಲರ್. 37,487ಕ್ಕಿಂತ ಕಡಿಮೆ, ಹಾಗಾಗಿ ಪೂರ್ತಿ ಭತ್ಯೆ: ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 7,997, ತಿಂಗಳಿಗೆ 666. ಊರಲ್ಲಿ ದೊಡ್ಡ ಸಂಬಳ ಅನ್ನಿಸಿದ್ದು ಇಲ್ಲಿ ಕಡಿಮೆ ಆದಾಯ. ಇದೊಂದು ಸಲ ಮಾತ್ರ ಅದು ನಮ್ಮ ಪರವಾಗಿ ಕೆಲಸ ಮಾಡುತ್ತದೆ.

2026ರ ಜುಲೈನಿಂದ 2025ರ ಆದಾಯ ಲೆಕ್ಕ. ಅಲ್ಲಿನ ಏಳು ತಿಂಗಳು ಮತ್ತು ಇಲ್ಲಿನ ಐದು ತಿಂಗಳು ಸೇರಿ ಸುಮಾರು 54,500. ಒಂದು ಮಗು ಇದ್ದರೆ 37,487ರ ಮೇಲೆ 81,222ರ ತನಕ ಪ್ರತಿ 100 ಡಾಲರಿಗೆ 7 ಡಾಲರ್ ಇಳಿಕೆ, ಅದರ ಮೇಲೆ 3.20. ಈ ದರದಲ್ಲೇ ನೋಡಿದರೆ ತಿಂಗಳಿಗೆ 567ರ ಹತ್ತಿರ ಬರುತ್ತದೆ. ಪೂರ್ತಿ 90,000 ಆದಾಯದ ವರ್ಷ ಲೆಕ್ಕಕ್ಕೆ ಬಂದಾಗ 388. ಮಗುವಿಗೆ ಆರು ತುಂಬಿದರೆ ಗರಿಷ್ಠ ಮೊತ್ತವೇ 6,748ಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲ ವರ್ಷದ 666 ನಂಬಿ ಕಾರಿನ ಕಂತು ಕಟ್ಟಲು ಒಪ್ಪಿಕೊಳ್ಳಬೇಡಿ.

ಇಬ್ಬರೂ ಪ್ರತಿ ವರ್ಷ ಏಪ್ರಿಲ್ 30ರೊಳಗೆ ರಿಟರ್ನ್ ಹಾಕಬೇಕು, ಆದಾಯ ಸೊನ್ನೆ ಇದ್ದವರೂ. ಒಬ್ಬರು ಬಿಟ್ಟರೂ ಜುಲೈಗೆ ಭತ್ಯೆ ನಿಲ್ಲುತ್ತದೆ.

ಮಂಡ್ಯ_ಟು_ಮಿಲ್ಟನ್:
ಕಂಪನಿಯ ಗ್ರೂಪ್ ಆರ್‌ಆರ್‌ಎಸ್‌ಪಿಗೆ ನಾವು ಸಂಬಳದ ಶೇ 5 ಹಾಕಿದರೆ ಕಂಪನಿಯವರೂ ಶೇ 5 ಹಾಕುತ್ತಾರೆ ಅಂದರೆ? ಬಿಟ್ಟಿ ದುಡ್ಡಲ್ಲವಾ, ಮೊದಲ ಸಂಬಳದಿಂದಲೇ ಹಿಡಿಯಲಿ ಅಂದರೆ ತಪ್ಪೇ?

ಲೆಕ್ಕದ_ಪುಸ್ತಕ:
ಬಿಟ್ಟಿ ದುಡ್ಡೇ, ಆದರೆ ಬಂದ ವರ್ಷ ಎಡವುವ ಜಾಗ ಅದು. ಆರ್‌ಆರ್‌ಎಸ್‌ಪಿ ಮಿತಿ ಹುಟ್ಟುವುದು ಹಿಂದಿನ ವರ್ಷ ಕೆನಡಾದಲ್ಲಿ ಗಳಿಸಿದ ಆದಾಯದ ಶೇ 18ರಿಂದ. 2025ರಲ್ಲಿ ಬಂದವರಿಗೆ 2024ರ ಕೆನಡಾ ಸಂಪಾದನೆ ಸೊನ್ನೆ, ಮಿತಿಯೂ ಸೊನ್ನೆ. 2,000 ಡಾಲರ್ ತನಕ ಹೆಚ್ಚಾದರೆ ದಂಡ ಇಲ್ಲ, ಅದರ ಮೇಲೆ ತಿಂಗಳಿಗೆ ಶೇ 1.

ಆಗಸ್ಟ್‌ನಿಂದ ಡಿಸೆಂಬರ್ ತನಕ ಸಂಬಳ 37,500. ಇವರ ಶೇ 5, ಕಂಪನಿಯ ಶೇ 5 ಸೇರಿ 3,750. ಕಂಪನಿ ಹಾಕಿದ್ದೂ ನಿಮ್ಮ ಮಿತಿಯಲ್ಲೇ ಲೆಕ್ಕ, ಅದು ನೆನಪಿರಲಿ. ದಿನಕಳೆದಂತೆ ಏರುವುದರಿಂದ ದಂಡ ಕೊನೆಯ ಎರಡು ಮೂರು ತಿಂಗಳಿಗಷ್ಟೇ, ತಿಂಗಳಿಗೆ 17-18 ಡಾಲರ್ ಮೀರದು. ದುಡ್ಡು ಸಣ್ಣದು; ಟಿ1-ಒವಿಪಿ ಅನ್ನುವ ಫಾರಂ ತುಂಬುವ ತಲೆನೋವು ದೊಡ್ಡದು, ಅದೂ ವರ್ಷ ಮುಗಿದ 90 ದಿನದೊಳಗೆ. ಎಚ್‌ಆರ್ ಹತ್ತಿರ ಮಾತಾಡಿ, ಎರಡೂ ಕಡೆಯದು ಸೇರಿ 2,000ಕ್ಕೆ ನಿಲ್ಲುವಂತೆ ಶೇಕಡಾವಾರು ಇಟ್ಟು ಜನವರಿಯಿಂದ ಏರಿಸುವುದು ಅಚ್ಚುಕಟ್ಟು.

ಅಂದಹಾಗೆ 2026ರ ಮಾರ್ಚ್ 2ಕ್ಕೆ ಆರ್‌ಆರ್‌ಎಸ್‌ಪಿ ಗಡುವು ಅಂತ ಬ್ಯಾಂಕುಗಳು ಸಂದೇಶ ಕಳಿಸುತ್ತಿವೆಯಲ್ಲ, 2025ರಲ್ಲಿ ಬಂದವರಿಗೆ ಆ ಗಡುವಿಗೆ ಅರ್ಥವೇ ಇಲ್ಲ. 2025ಕ್ಕೆ ಕಳೆದುಕೊಳ್ಳಲು ಮಿತಿಯೇ ಇಲ್ಲ. 2026ಕ್ಕೆ 37,500ರ ಶೇ 18, ಅಂದರೆ 6,750. ಇದು ರಿಟರ್ನ್ ಆದ ಮೇಲೆ ತೆರಿಗೆ ಇಲಾಖೆಯಿಂದ ಬರುವ ನೋಟಿಸ್ ಆಫ್ ಅಸೆಸ್‌ಮೆಂಟ್‌ನಲ್ಲಿ ಅಚ್ಚಾಗಿ ಬರುತ್ತದೆ.

ಬೋ_ನದಿ:
ಟಿಎಫ್‌ಎಸ್‌ಎ ಬಗ್ಗೆ ನಾನು ಬರೆಯುತ್ತೇನೆ, ಮೇಲಿನ ತಪ್ಪಿಗೆ ಪ್ರಾಯಶ್ಚಿತ್ತವಾಗಿ.

2009ರಿಂದ ಸೇರಿಸಿದರೆ 2026ಕ್ಕೆ ಒಟ್ಟು 1,09,000 ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು ಆಗಿನಿಂದ ಇಲ್ಲೇ ಇದ್ದವರಿಗೆ. ನಮಗೆ ಬಂದ ವರ್ಷದಿಂದ ಲೆಕ್ಕ. ಸಮಾಧಾನದ ವಿಷಯ ಏನೆಂದರೆ ಬಂದ ವರ್ಷದ್ದು ತಿಂಗಳ ಲೆಕ್ಕದಲ್ಲಿ ಕತ್ತರಿಸುವುದಿಲ್ಲ. ಡಿಸೆಂಬರ್ 30ಕ್ಕೆ ಬಂದರೂ ಪೂರ್ತಿ 7,000. ಹಾಗಾಗಿ ಇವರಿಗೆ 2025ರ 7,000, 2026ರ 7,000, ತಲಾ 14,000. ಇಬ್ಬರಿಗೆ 28,000.

ಸಿಆರ್‌ಎ (ಇಲ್ಲಿನ ತೆರಿಗೆ ಇಲಾಖೆ) ಮೈ ಅಕೌಂಟ್‌ನಲ್ಲಿ ತೋರಿಸುವ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಮೊದಲ ರಿಟರ್ನ್‌ನಲ್ಲಿ ಬಂದ ದಿನಾಂಕ ತುಂಬದೆ ಬಿಟ್ಟಿದ್ದರೆ ಅದು ತಪ್ಪಾಗಿ ಹೆಚ್ಚು ತೋರಿಸಬಹುದು. ಈ ವರ್ಷ ಹಾಕಿದ್ದೂ ಅದರಲ್ಲಿ ಇರುವುದಿಲ್ಲ, ಬ್ಯಾಂಕುಗಳು ಮುಂದಿನ ವರ್ಷದ ಆರಂಭದಲ್ಲಷ್ಟೇ ಕಳಿಸುತ್ತವೆ. ಬರೆದಿಟ್ಟುಕೊಳ್ಳಿ, ಒಂದು ಹಾಳೆ ಸಾಕು. ಮಿತಿಗಿಂತ 10,000 ಹೆಚ್ಚು ಹಾಕಿದರೆ ತಿಂಗಳಿಗೆ 100 ಡಾಲರ್ ದಂಡ, ತೆಗೆಯುವ ತನಕ.

ತೆಗೆದ ದುಡ್ಡಿನ ಮಿತಿ ವಾಪಸ್ ಬರುವುದು ಮುಂದಿನ ಜನವರಿ 1ಕ್ಕೆ. ಮಿತಿ ತುಂಬಿದ ಖಾತೆಯಿಂದ ಮಾರ್ಚ್‌ನಲ್ಲಿ 5,000 ತೆಗೆದು ಜೂನ್‌ನಲ್ಲಿ ವಾಪಸ್ ಹಾಕಿದರೆ ಅದೂ ಹೆಚ್ಚುವರಿಯೇ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸಬೇಕಿದ್ದರೆ ನೀವೇ ತೆಗೆದು ಹಾಕಬೇಡಿ, ಹೊಸ ಬ್ಯಾಂಕಿಗೆ ನೇರ ವರ್ಗಾವಣೆ ಫಾರಂ ಕೊಡಿ.

ಅಡಿಕೆ_ಗೊನೆ:
ಶಿರಸಿ ಕಡೆ ಅಡಿಕೆ ತೋಟದ ಪಾಲು ವರ್ಷಕ್ಕೊಮ್ಮೆ ಖಾತೆಗೆ ಬರುತ್ತದೆ ಅಂದರೆ ಅದನ್ನು ಇಲ್ಲಿ ತೋರಿಸಬೇಕೇ? ಊರಿನ ಆಡಿಟರ್ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತಾರೆ.

ಲೆಕ್ಕದ_ಪುಸ್ತಕ:
ಆಡಿಟರ್ ಹೇಳಿದ್ದು ಭಾರತದ ಮಟ್ಟಿಗೆ ಸರಿ. ಕೆನಡಾ ನಿವಾಸಿಗೆ ಪ್ರಪಂಚದ ಎಲ್ಲ ಆದಾಯಕ್ಕೂ ಇಲ್ಲಿ ತೆರಿಗೆ. ಕೃಷಿ ಆದಾಯಕ್ಕೆ ಇಲ್ಲಿ ವಿನಾಯಿತಿ ಅಂತ ಇಲ್ಲ. ತೋಟದ ಖರ್ಚು ಕಳೆದು ಉಳಿದದ್ದು ತೋರಿಸಬೇಕು. ಅಲ್ಲಿ ತೆರಿಗೆ ಕಟ್ಟಿಲ್ಲದ ಕಾರಣ ವಿದೇಶಿ ತೆರಿಗೆ ಕ್ರೆಡಿಟ್ ಕೂಡ ಸಿಗದು. ಕೊಡಗಿನ ಕಾಫಿ ತೋಟದ ಪಾಲಿಗೂ ಹೀಗೇ ಇಲ್ಲಿ ತೆರಿಗೆ. ಎನ್‌ಆರ್‌ಇ (ಹೊರದೇಶದ ಸಂಪಾದನೆ ಇಡುವ ಅನಿವಾಸಿ ಖಾತೆ) ಎಫ್‌ಡಿ ಬಡ್ಡಿ, ಪಿಪಿಎಫ್ ಬಡ್ಡಿ, ಎರಡೂ ಅಲ್ಲಿ ತೆರಿಗೆಮುಕ್ತ, ಇಲ್ಲಿ ತೆರಿಗೆಗೆ ಒಳಪಟ್ಟದ್ದು. ಐದು ವರ್ಷದ ಕ್ಯುಮುಲೇಟಿವ್ ಎಫ್‌ಡಿ ಆದರೆ ಬಡ್ಡಿ ಕೈಗೆ ಬಾರದಿದ್ದರೂ ವರ್ಷವರ್ಷ ತೋರಿಸಬೇಕು. ಈ ಒಂದು ಕಾರಣಕ್ಕೆ ಶೇ 7ರ ಎಫ್‌ಡಿ ಅಂತ ಹಿಗ್ಗುವ ಮುಂಚೆ, ಅದರಲ್ಲಿ ಶೇ 30ರ ಹತ್ತಿರ ಇಲ್ಲಿಗೆ ಹೋಗುತ್ತದೆ, ಜೊತೆಗೆ ರೂಪಾಯಿ ಇಳಿಕೆ ಬೇರೆ ಅಂತ ಲೆಕ್ಕ ಹಾಕಿ.

ಎನ್‌ಆರ್‌ಒ (ಊರಿನ ಆದಾಯ ಇಡುವ ಅನಿವಾಸಿ ಖಾತೆ) ಬಡ್ಡಿಗೆ ಅಲ್ಲಿ ಶೇ 30 ಮತ್ತು ಸೆಸ್ ಹಿಡಿಯುತ್ತಾರೆ. ಎರಡು ದೇಶಗಳ ಒಪ್ಪಂದದ ಪ್ರಕಾರ ಬಡ್ಡಿಗೆ ಶೇ 15 ಮೀರಬಾರದು. ಸಿಆರ್‌ಎಯಿಂದ ನಿವಾಸ ಪ್ರಮಾಣಪತ್ರ ತರಿಸಿ, ಬ್ಯಾಂಕ್ ಕೇಳುವ ಸ್ವಘೋಷಣೆ ಫಾರಂ (2026ರ ಮಾರ್ಚ್ ತನಕ ಅದು 10ಎಫ್) ಜೊತೆ ಬ್ಯಾಂಕಿಗೆ ಕೊಡಿ. ಕೊಡದೆ ಬಿಟ್ಟರೆ ಹೆಚ್ಚು ಹಿಡಿದದ್ದನ್ನು ಇಲ್ಲಿ ಕ್ರೆಡಿಟ್ ಕೊಡುವುದಿಲ್ಲ. ಒಪ್ಪಂದದ ದರದ ತನಕ ಮಾತ್ರ, ಉಳಿದದ್ದನ್ನು ಅಲ್ಲೇ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು.

ಫ್ಲ್ಯಾಟ್ ಬಾಡಿಗೆಯ ವಿಷಯ. ಅಲ್ಲಿನ ರಿಟರ್ನ್‌ನಲ್ಲಿ ಶೇ 30 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಅಂಕಿಯನ್ನೇ ಇಲ್ಲಿ ಹಾಕುವವರಿದ್ದಾರೆ. ಇಲ್ಲಿ ಆ ಕಡಿತ ಇಲ್ಲ. ಕಂದಾಯ, ಮೇಂಟೆನೆನ್ಸ್, ರಿಪೇರಿ, ಸಾಲದ ಬಡ್ಡಿ, ಇವುಗಳ ನಿಜವಾದ ರಸೀದಿಯ ಖರ್ಚು ಮಾತ್ರ. ಅಲ್ಲಿನ ವರ್ಷ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿ ಜನವರಿಯಿಂದ ಡಿಸೆಂಬರ್. ಅಲ್ಲಿನ ತೆರಿಗೆ ಇಲಾಖೆಯ ವಾರ್ಷಿಕ ಪಟ್ಟಿ (26ಎಎಸ್) ಒಂದನ್ನೇ ನೋಡಿ ತುಂಬಿದರೆ ಮೂರು ತಿಂಗಳು ಆಚೀಚೆ ಆಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ತಿಂಗಳವಾರು ಪಟ್ಟಿ ಮಾಡಿ.

ಕ್ರೆಡಿಟ್_ದಂಡೆ:
ಟಿ1135, ಹೊರದೇಶದ ಆಸ್ತಿ ತೋರಿಸುವ ಫಾರಂ, ಯಾವಾಗ ಹಾಕಬೇಕು?

ಲೆಕ್ಕದ_ಪುಸ್ತಕ:
ಹೊರದೇಶದ ಆಸ್ತಿಯ ವೆಚ್ಚ ಒಟ್ಟು ಒಂದು ಲಕ್ಷ ಡಾಲರ್ ಮೀರಿದರೆ. ಮೊದಲ ಸಲ ನಿವಾಸಿ ಆದ ವರ್ಷಕ್ಕೆ ಬೇಕಿಲ್ಲ, ಹಾಗಾಗಿ ಇವರು 2025ಕ್ಕೆ ಹಾಕಬೇಕಿಲ್ಲ. 2026ರದ್ದನ್ನು 2027ರ ಏಪ್ರಿಲ್‌ನಲ್ಲಿ. ವೆಚ್ಚ ಅಂದರೆ ಹತ್ತು ವರ್ಷದ ಹಿಂದೆ ಕೊಟ್ಟ ಬೆಲೆ ಅಲ್ಲ, ಕೆನಡಾದಲ್ಲಿ ಕಾಲಿಟ್ಟ ದಿನದ ಮಾರುಕಟ್ಟೆ ಬೆಲೆ. 70 ಲಕ್ಷ, ಆಗಿನ ದರ ಸುಮಾರು 63 ರೂಪಾಯಿಯಂತೆ, 1,10,000 ಡಾಲರ್ ಆಸುಪಾಸು. ಇಬ್ಬರದ್ದೂ ಸಮಪಾಲಿದ್ದರೆ ತಲಾ 55,000, ಮಿತಿ ಒಬ್ಬೊಬ್ಬರಿಗೆ ಬೇರೆ. ಆದರೆ ಎಫ್‌ಡಿ, ಷೇರು, ಮ್ಯೂಚುವಲ್ ಫಂಡ್ ಎಲ್ಲ ಇದರ ಮೇಲೆ ಸೇರಿಸಬೇಕು. ಹಾಕದಿದ್ದರೆ ದಿನಕ್ಕೆ 25 ಡಾಲರ್, ಗರಿಷ್ಠ 2,500, ತೆರಿಗೆ ಬಾಕಿ ಇಲ್ಲದಿದ್ದರೂ. ಬಾಡಿಗೆ ಇಲ್ಲದೆ ಅಪ್ಪ ಅಮ್ಮ ವಾಸ ಇರುವ ಮನೆ ಸ್ವಂತ ಬಳಕೆಯದ್ದು, ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆ ಫ್ಲ್ಯಾಟ್ ಬರುತ್ತದೆ.

ಆ ಕಾಲಿಟ್ಟ ದಿನದ ಬೆಲೆ ಇನ್ನೊಂದಕ್ಕೂ ಬೇಕು. ಮುಂದೆ ಫ್ಲ್ಯಾಟ್ ಮಾರಿದಾಗ ಇಲ್ಲಿ ಲಾಭ ಲೆಕ್ಕ ಹಾಕುವುದು ಆ ಬೆಲೆಯಿಂದ. ಈಗಲೇ ಊರಿನಲ್ಲಿ ನೋಂದಾಯಿತ ಮೌಲ್ಯಮಾಪಕರಿಂದ ಆ ದಿನಾಂಕಕ್ಕೆ ವರದಿ ಮಾಡಿಸಿ ಇಟ್ಟುಕೊಳ್ಳಿ. ಎಂಟು ವರ್ಷ ಬಿಟ್ಟು ಹಿಂದಿನ ಬೆಲೆ ಹುಡುಕುವುದು ಕಷ್ಟ, ಗೈಡೆನ್ಸ್ ವ್ಯಾಲ್ಯೂ ಸಾಮಾನ್ಯವಾಗಿ ಮಾರುಕಟ್ಟೆಗಿಂತ ಕಡಿಮೆ ಇರುವುದರಿಂದ ಅದನ್ನೇ ಹಿಡಿದರೆ ನಿಮಗೇ ನಷ್ಟ.

ಹಿಮ_ಹಪ್ಪಳ:
ಮಗುವಿನ ಆರ್‌ಇಎಸ್‌ಪಿ (ಮುಂದಿನ ಓದಿನ ಉಳಿತಾಯ ಖಾತೆ) ಯಾರೂ ಎತ್ತಲಿಲ್ಲ. ಮಗುವಿಗೆ ಎಸ್‌ಐಎನ್ (ಸರ್ಕಾರಿ ಗುರುತಿನ ಸಂಖ್ಯೆ) ಮಾಡಿಸಿ, ವರ್ಷಕ್ಕೆ 2,500 ಹಾಕಿದರೆ ಸರ್ಕಾರ 500 ಹಾಕುತ್ತದೆ, ಜೀವಮಾನಕ್ಕೆ 7,200. ತಿಂಗಳಿಗೆ 208.33. ಕಂಪನಿಯ ಪಾಲು ಬಿಟ್ಟರೆ ಶೇ 20 ಮೊದಲ ದಿನವೇ ಕೊಡುವ ಹೂಡಿಕೆ ಬೇರೆ ಇಲ್ಲ. ಕಡಿಮೆ ಆದಾಯದವರಿಗೆ ಕೆನಡಾ ಲರ್ನಿಂಗ್ ಬಾಂಡ್ ಅಂತ ಇದೆ, ಒಂದು ಡಾಲರೂ ಹಾಕದೆ ಮೊದಲ ವರ್ಷ 500, ಆಮೇಲೆ ಅರ್ಹ ವರ್ಷಕ್ಕೆ 100. ಮೇಲೆ ಹೇಳಿದ 2024ರ ಊರಿನ ಆದಾಯ ಇಲ್ಲೂ ಲೆಕ್ಕಕ್ಕೆ ಬರುವುದರಿಂದ ಈ ಸಂಸಾರಕ್ಕೆ ಮೊದಲ ವರ್ಷ ಸಿಗುವ ಸಂಭವ ಇದೆ. ಆದರೆ ಎಲ್ಲ ಸಂಸ್ಥೆಗಳೂ ಬಾಂಡ್‌ಗೆ ಅರ್ಜಿ ತೆಗೆದುಕೊಳ್ಳುವುದಿಲ್ಲ, ಖಾತೆ ತೆರೆಯುವ ಮುಂಚೆ ಕೇಳಿ.

ಆರ್‌ಇಎಸ್‌ಪಿ ಮಾರಲು ಮನೆ ಬಾಗಿಲಿಗೆ ಬರುವ ಸ್ಕಾಲರ್‌ಶಿಪ್ ಪ್ಲ್ಯಾನ್ ಏಜೆಂಟರಿಗೆ ಸಹಿ ಹಾಕಬೇಡಿ. ಅವುಗಳಲ್ಲಿ ಯೂನಿಟ್ ಲೆಕ್ಕದಲ್ಲಿ ಸೇರ್ಪಡೆ ಶುಲ್ಕ, ಮೊದಲ ವರ್ಷಗಳಲ್ಲಿ ನೀವು ಹಾಕಿದ್ದರ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಮಧ್ಯೆ ಕಂತು ನಿಲ್ಲಿಸಿದರೆ ಆ ಶುಲ್ಕ ಬರುವುದಿಲ್ಲ. ಈಗಾಗಲೇ ಸಹಿ ಹಾಕಿದ್ದರೆ 60 ದಿನದೊಳಗೆ ಬರಹದಲ್ಲಿ ರದ್ದು ಮಾಡಿದರೆ ಪೂರ್ತಿ ವಾಪಸ್. ದಿನ ಎಣಿಸಿ.

ಮಂಡ್ಯ_ಟು_ಮಿಲ್ಟನ್:
ಐದು ವರ್ಷ ಬಿಟ್ಟು ಊರಿಗೇ ವಾಪಸ್ ಹೋಗುವ ಯೋಚನೆ ಇದ್ದರೆ?

ಮೂರನೇ_ಮಹಡಿ:
ಆರ್‌ಆರ್‌ಎಸ್‌ಪಿಯಿಂದ ಅನಿವಾಸಿಯಾಗಿ ಒಟ್ಟಿಗೆ ತೆಗೆದರೆ ಶೇ 25 ಹಿಡಿಯುತ್ತಾರೆ. ಟಿಎಫ್‌ಎಸ್‌ಎ ಹಾಗೇ ಇರಬಹುದು, ಆದರೆ ಹೋದ ಮೇಲೆ ಹಾಕಿದರೆ ತಿಂಗಳಿಗೆ ಶೇ 1 ದಂಡ, ಭಾರತಕ್ಕೆ ಅದು ತೆರಿಗೆಮುಕ್ತ ಖಾತೆ ಅಲ್ಲ. ಆರ್‌ಇಎಸ್‌ಪಿಯಲ್ಲಿ ನೀವು ಹಾಕಿದ್ದು ನಿಮ್ಮದು, ಅನುದಾನದ ಭಾಗ ಮಗು ಕೆನಡಾ ನಿವಾಸಿ ಆಗಿದ್ದಾಗ ಮಾತ್ರ ಸಿಗುತ್ತದೆ.

ಕ್ರೆಡಿಟ್_ದಂಡೆ:
ಹಾಗಾದರೆ ಈ ಸಂಸಾರದ ತಿಂಗಳಿಗೆ 1,500, ವರ್ಷಕ್ಕೆ 18,000ವನ್ನು 2026ಕ್ಕೆ ಹೀಗೆ ಹಂಚುತ್ತೇನೆ, ತಪ್ಪಿದ್ದರೆ ತಿದ್ದಿ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದು, ಕಂಪನಿಯ ಪಾಲು ಬಿಟ್ಟರೆ ಶೇ 20ರ ಬಡ್ಡಿಯನ್ನು ಯಾವ ಖಾತೆಯೂ ಮೀರಿಸದು. ಆರ್‌ಇಎಸ್‌ಪಿ 2,500. ಕಂಪನಿ ಪಾಲು ಸೇರಿ ಆರ್‌ಆರ್‌ಎಸ್‌ಪಿ 6,750. ಉಳಿದದ್ದು ಟಿಎಫ್‌ಎಸ್‌ಎ, ಅದರಲ್ಲಿ ಮೂರು ತಿಂಗಳ ಖರ್ಚು ಎಂದಾದರೂ ತೆಗೆಯಬಲ್ಲ ಉಳಿತಾಯವಾಗಿ.

ಲೆಕ್ಕದ_ಪುಸ್ತಕ:
ಸರಿ ಇದೆ. ಒಂದು ಸೇರಿಸಿ: 90,000 ಆದಾಯದಲ್ಲಿ ಒಂಟಾರಿಯೊದಲ್ಲಿ ಕೊನೆಯ ಡಾಲರಿನ ಮೇಲೆ ಬೀಳುವ ತೆರಿಗೆ ದರ ಶೇ 29.65. ಪೂರ್ತಿ 6,750 ಕಡಿತಕ್ಕೆ 2,000 ಡಾಲರ್ ತೆರಿಗೆ ಉಳಿಯುತ್ತದೆ. ಅದೇ ಕಡಿತ ಮನೆಯ ನಿವ್ವಳ ಆದಾಯವನ್ನೂ ಇಳಿಸುವುದರಿಂದ 2025-26ರ ದರದಲ್ಲೇ ನೋಡಿದರೆ ಸಿಸಿಬಿ ಮುಂದಿನ ಜುಲೈನಿಂದ ವರ್ಷಕ್ಕೆ 216 ಹೆಚ್ಚು. ಎರಡು ಮಕ್ಕಳಿದ್ದು ಆದಾಯ 37,487 ಮತ್ತು 81,222ರ ನಡುವೆ ಇದ್ದರೆ ಸಿಸಿಬಿ ಇಳಿಕೆಯ ದರ ಶೇ 13.5. ಅಂಥವರು ಟಿಎಫ್‌ಎಸ್‌ಎಗಿಂತ ಆರ್‌ಆರ್‌ಎಸ್‌ಪಿ ಮುಂದಿಡಬೇಕು. ಕಂಪನಿ ಹಾಕಿದ್ದು ಸಂಬಳಕ್ಕೂ ಸೇರಿ ಟಿ4ನಲ್ಲಿ (ಕಂಪನಿ ಕೊಡುವ ವರ್ಷದ ಸಂಬಳದ ಚೀಟಿ) ಬರುತ್ತದೆ, ಅದನ್ನು ಕಡಿತದಲ್ಲಿ ಮರೆಯಬೇಡಿ.

ಹಿಮ_ಹಪ್ಪಳ:
ಮತ್ತು 2025ರ ರಿಟರ್ನ್‌ನಲ್ಲಿ ದೊಡ್ಡ ರೀಫಂಡ್ ಅಂತ ಕಾಯಬೇಡಿ. 16,129ರ ಮೂಲ ವಿನಾಯಿತಿ ಇಲ್ಲಿ ಇದ್ದ 153 ದಿನಕ್ಕೆ ಕತ್ತರಿಸಿ 6,761 ಆಗುತ್ತದೆ. ಸಂಗಾತಿಯ ವಿನಾಯಿತಿಯೂ ಹಾಗೇ. ಸಾಫ್ಟ್‌ವೇರ್‌ನಲ್ಲಿ ಬಂದ ದಿನಾಂಕ ಹಾಕಿದ ತಕ್ಷಣ ಮೇಲೆ ತೋರಿಸುವ ರೀಫಂಡ್ ಅಂಕಿ ಕೆಳಗೆ ಬೀಳುತ್ತದೆ. ಅದು ಸಾಫ್ಟ್‌ವೇರ್ ದೋಷ ಅಲ್ಲ, ದಿನಾಂಕ ಅಳಿಸಬೇಡಿ.